ಫೋನು ಕಿತ್ತುಕೊಂಡರು, ಚೀಟಿ ಕೊಡಲಿಲ್ಲ

ಪ್ರಶ್ನೆ: ಮಾನ್ಯರೇ, ನಾಲ್ಕು ವರ್ಷಗಳಿಂದ ಒಬ್ಬನೇ ಒಂದು ಯೂಟ್ಯೂಬ್ ಸುದ್ದಿ ವಾಹಿನಿ ನಡೆಸುತ್ತಿದ್ದೇನೆ. ಕಳೆದ ತಿಂಗಳು ಪ್ರತಿಭಟನೆಯೊಂದರಲ್ಲಿ ನಡೆದ ಲಾಠಿ ಪ್ರಹಾರವನ್ನು ಚಿತ್ರೀಕರಿಸುತ್ತಿದ್ದಾಗ ಪೊಲೀಸ್ ಅಧಿಕಾರಿಯೊಬ್ಬರು ‘ಯಾವ ಪೇಪರ್, ಕಾರ್ಡ್ ಎಲ್ಲಿ?’ ಎಂದು ಕೇಳಿದರು. ನನ್ನದೇ ವಾಹಿನಿ ಎಂದಾಗ ‘ಯೂಟ್ಯೂಬ್‌ನವರೆಲ್ಲ ಪತ್ರಕರ್ತರಲ್ಲ’ ಎಂದು ಫೋನ್ ಕಿತ್ತುಕೊಂಡರು. ಎರಡು ದಿನ ಅದು ಠಾಣೆಯಲ್ಲೇ ಇತ್ತು. ಯಾವ ಕಾಗದವನ್ನೂ ಕೊಡಲಿಲ್ಲ, ಪಾಸ್‌ವರ್ಡ್ ಮಾತ್ರ ಕೇಳಿದರು. ಈಗ ವಿಚಾರಣೆಗೆ ಬರುವಂತೆ ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಬಂದಿದೆ. ನನ್ನಂಥವರಿಗೆ ಪತ್ರಿಕಾ ಸ್ವಾತಂತ್ರ್ಯ ಅನ್ವಯಿಸುವುದಿಲ್ಲವೇ? (ಹೆಸರು ಬೇಡ)

ಉತ್ತರ: ನಮ್ಮ ಸಂವಿಧಾನದಲ್ಲಿ ‘ಪತ್ರಿಕಾ ಸ್ವಾತಂತ್ರ್ಯ’ ಎಂಬ ಪದವೇ ಇಲ್ಲ, ಮತ್ತು ಈ ಸಂದರ್ಭದಲ್ಲಿ ಅದು ನಿಮಗೆ ಅನುಕೂಲವೇ ಆಗಿದೆ. 19(1)(ಎ) ವಿಧಿ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಎಲ್ಲ ನಾಗರಿಕರಿಗೂ ಕೊಟ್ಟಿದೆ. ರೊಮೇಶ್ ಥಾಪರ್ ಅವರ ‘ಕ್ರಾಸ್ ರೋಡ್ಸ್’ ವಾರಪತ್ರಿಕೆ ತನ್ನ ರಾಜ್ಯದೊಳಗೆ ಬರದಂತೆ ಮದ್ರಾಸ್ ಸರ್ಕಾರ ತಡೆದಿತ್ತು. ಆ ಪ್ರಕರಣದಲ್ಲಿ 1950ರಲ್ಲೇ ಸುಪ್ರೀಂ ಕೋರ್ಟ್ ವಿಚಾರಗಳ ಪ್ರಸಾರವೂ ಈ ಸ್ವಾತಂತ್ರ್ಯದ ಭಾಗವೆಂದು ಹೇಳಿ ಆ ಆದೇಶವನ್ನು ರದ್ದುಪಡಿಸಿತು. ಅಂದರೆ ದೊಡ್ಡ ದಿನಪತ್ರಿಕೆಯ ವರದಿಗಾರರೂ ನೀವೂ ನಿಂತಿರುವುದು ಒಂದೇ ವಿಧಿಯ ಮೇಲೆ. ವಾರ್ತಾ ಇಲಾಖೆಯ ಮಾನ್ಯತಾ ಕಾರ್ಡು ಸರ್ಕಾರಿ ಕಾರ್ಯಕ್ರಮಗಳ ಪ್ರವೇಶಕ್ಕೂ ಕೆಲವು ಸೌಲಭ್ಯಗಳಿಗೂ ಬೇಕಾಗುತ್ತದೆಯೇ ಹೊರತು ಬೀದಿಯಲ್ಲಿ ನಡೆಯುವುದನ್ನು ಚಿತ್ರೀಕರಿಸಲು ಅದು ಪರವಾನಗಿಯಲ್ಲ.

ಹಾಗೆಂದು ಈ ಹಕ್ಕಿಗೆ ಮಿತಿ ಇಲ್ಲದಿಲ್ಲ. ನಿಷೇಧಾಜ್ಞೆ ಜಾರಿಯಲ್ಲಿದ್ದರೆ ಅದು ನಿಮಗೂ ಅನ್ವಯಿಸುತ್ತದೆ. ಬ್ಯಾರಿಕೇಡಿನ ಹಿಂದೆ ಸರಿಯಲು ಹೇಳಿದರೆ ಸರಿಯಬೇಕು. ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಜಾಗಕ್ಕೆ ಬಂದದ್ದು) 221ನೇ ಕಲಮು ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸುವುದನ್ನೂ, 132ನೇ ಕಲಮು ಕರ್ತವ್ಯ ತಡೆಯಲು ಹಲ್ಲೆ ಅಥವಾ ಬಲಪ್ರಯೋಗ ಮಾಡುವುದನ್ನೂ ಅಪರಾಧವಾಗಿಸಿವೆ. ಅಧಿಕಾರಿಯ ಮುಖದ ಮುಂದೆಯೇ ಫೋನ್ ಹಿಡಿದು ವಾದಕ್ಕಿಳಿದವರ ಮೇಲೆ ಇವು ಸುಲಭವಾಗಿ ಬಂದು ಕೂರುತ್ತವೆ. ಹತ್ತು ಹೆಜ್ಜೆ ದೂರದಿಂದ ತೆಗೆದ ವಿಡಿಯೋಗೆ ನ್ಯಾಯಾಲಯದಲ್ಲಿ ಬೆಲೆ ಕಡಿಮೆಯಾಗುವುದಿಲ್ಲ.

ನಿಮ್ಮ ಪ್ರಕರಣದ ತಿರುಳು ಇರುವುದು ಫೋನಿನಲ್ಲಿ. ವರದಿ ಅಳಿಸಿ ಎಂದು ಆದೇಶಿಸಲು ಕಾರಣ ಬರೆಯಬೇಕಾಗುತ್ತದೆ, ಅದನ್ನು ಪ್ರಶ್ನಿಸುವವರೂ ಇರುತ್ತಾರೆ. ಫೋನ್ ಎತ್ತಿಟ್ಟುಕೊಂಡರೆ ವರದಿ, ಮುಂದಿನ ವರದಿ, ಮಾಹಿತಿ ಕೊಟ್ಟವರ ನಂಬರುಗಳು ಎಲ್ಲವೂ ಒಮ್ಮೆಗೇ ಕೈಸೇರುತ್ತವೆ. ಅಪರಾಧದ ಅನುಮಾನ ಹುಟ್ಟಿಸುವ ಸ್ಥಿತಿಯಲ್ಲಿ ಸಿಕ್ಕ ವಸ್ತುವನ್ನು ವಶಪಡಿಸಿಕೊಳ್ಳಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) 106ನೇ ಕಲಮು ಪೊಲೀಸರಿಗೆ ಅಧಿಕಾರ ಕೊಡುತ್ತದೆ, ನಿಜ. ಆದರೆ ಅದೇ ಕಲಮಿನ ಪ್ರಕಾರ ಜಪ್ತಿಯ ವಿಷಯವನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. 105ನೇ ಕಲಮಿನ ಪ್ರಕಾರ ಜಪ್ತಿಯ ಪ್ರಕ್ರಿಯೆಯನ್ನೂ ಪಟ್ಟಿ ತಯಾರಿಸುವುದನ್ನೂ ಧ್ವನಿ-ದೃಶ್ಯ ಮುದ್ರಿಸಿಕೊಳ್ಳಬೇಕು. ಮಹಜರು (ಜಪ್ತಿಯ ಲಿಖಿತ ದಾಖಲೆ) ಇಲ್ಲ, ಪಂಚರ (ಸಾಕ್ಷಿಗಳ) ಸಹಿ ಇಲ್ಲ, ನ್ಯಾಯಾಲಯಕ್ಕೆ ವರದಿಯೂ ಇಲ್ಲ ಎಂದಾದರೆ ನಿಮ್ಮ ಫೋನ್ ಕಾನೂನಿನ ಲೆಕ್ಕದಲ್ಲಿ ಜಪ್ತಿಯೇ ಆಗಿಲ್ಲ, ಯಾರದೋ ಮೇಜಿನ ಡ್ರಾಯರಿನಲ್ಲಿ ಇತ್ತು ಅಷ್ಟೇ.

ಡಿಜಿಟಲ್ ಸಾಧನಗಳ ಶೋಧ ಮತ್ತು ಜಪ್ತಿಯ ಬಗ್ಗೆ ಕರ್ನಾಟಕ ಹೈಕೋರ್ಟ್ 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ ವಿವರವಾದ ಮಾರ್ಗಸೂಚಿ ನೀಡಿದೆ. ಜಪ್ತಿಯಾದ ಮೊಬೈಲಿಗೆ ನೆಟ್‌ವರ್ಕ್ ಸಿಗದಂತೆ ಫ್ಯಾರಡೆ ಚೀಲದಲ್ಲಿಡಬೇಕೆಂಬುದೂ ಅದರಲ್ಲಿದೆ. ಪೇದೆಯ ಜೇಬಿನಲ್ಲಿ ರಿಂಗಾಗುತ್ತಿರುವ ಫೋನನ್ನು ಕಂಡವರಿಗೆ ಇದು ತಮಾಷೆಯಾಗಿ ಕಾಣಬಹುದು. ಪಾಸ್‌ವರ್ಡ್ ಕೊಡುವುದು ಸ್ವತಃ ತನ್ನ ವಿರುದ್ಧ ಸಾಕ್ಷ್ಯ ನುಡಿದಂತೆ ಆಗುವುದಿಲ್ಲ ಎಂದು ಆ ತೀರ್ಪು ಹೇಳಿತು. ಅದೇ ವೇಳೆ, ಆರೋಪಿ ಒಪ್ಪದಿದ್ದರೆ ತನಿಖಾಧಿಕಾರಿ ನ್ಯಾಯಾಲಯದ ಮೊರೆ ಹೋಗಬೇಕೆಂದೂ ಸೂಚಿಸಿತು. ಎಫ್‌ಐಆರ್ ಕೂಡ ಇಲ್ಲದೆ ಠಾಣೆಯ ಬೆಂಚಿನ ಮೇಲೆ ಕೂರಿಸಿ ಪಾಸ್‌ವರ್ಡ್ ಕೇಳುವುದು ಈ ಯಾವ ದಾರಿಯೂ ಅಲ್ಲ.

ಫೋನ್ ಇನ್ನೂ ಮರಳಿಲ್ಲವಾದರೆ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ. ಮರಳಿದ್ದರೆ, ಯಾವ ದಿನ, ಎಷ್ಟು ಹೊತ್ತಿಗೆ, ಯಾರು ತೆಗೆದುಕೊಂಡರು, ಯಾರು ಕೊಟ್ಟರು ಎಂಬುದನ್ನು ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ. ಫೋನಿನಲ್ಲಿ ಏನಾದರೂ ಸೇರಿಸಿದ್ದಾರೆ ಅಥವಾ ಅಳಿಸಿದ್ದಾರೆ ಎಂದು ನಾಳೆ ನೀವು ವಾದಿಸಬೇಕಾದರೆ ಇಂದಿನ ಈ ಕಾಗದವೇ ಆಧಾರ.

ವಾಟ್ಸ್‌ಆ್ಯಪ್ ಸಂದೇಶದ ವಿಚಾರ. ಅದೇ ಸುರಕ್ಷಾ ಸಂಹಿತೆಯ 35ನೇ ಕಲಮಿನಡಿ ಹಾಜರಾಗಲು ಕರೆಯುವ ನೋಟಿಸನ್ನು ವಾಟ್ಸ್‌ಆ್ಯಪ್ ಮೂಲಕ ಕಳುಹಿಸುವುದು ಕಾನೂನುಬದ್ಧ ಜಾರಿಯಲ್ಲವೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆದರೂ ಸುಮ್ಮನಿರಬೇಡಿ. ಯಾವ ಪ್ರಕರಣ, ಯಾವ ಕಲಮು, ಸಾಕ್ಷಿಯಾಗಿಯೋ ಆರೋಪಿಯಾಗಿಯೋ ಎಂದು ಕೇಳಿ, ಲಿಖಿತ ನೋಟಿಸ್ ಕೊಟ್ಟರೆ ಹಾಜರಾಗುವುದಾಗಿ ಬರೆದು ತಿಳಿಸಿ. ಹೋಗುವಾಗ ವಕೀಲರು ಜೊತೆಗಿರಲಿ.

ಸುದ್ದಿಮೂಲವನ್ನು ಹೇಳಲೇಬೇಕೇ ಎಂಬ ಪ್ರಶ್ನೆ ಅಲ್ಲಿ ಬಂದೇ ಬರುತ್ತದೆ. ಇಲ್ಲಿ ಕಾನೂನು ನಿಮ್ಮ ಕೈ ಹಿಡಿಯುವುದು ಕಡಿಮೆ. 1978ರ ಪತ್ರಿಕಾ ಮಂಡಳಿ ಕಾಯ್ದೆಯ 15(2)ನೇ ಕಲಮಿನ ರಕ್ಷಣೆ ಆ ಮಂಡಳಿಯ ಮುಂದಿನ ವಿಚಾರಣೆಗೆ ಸೀಮಿತ. ನ್ಯಾಯಾಲಯಗಳಲ್ಲೂ ರಕ್ಷಣೆ ಇರಬೇಕೆಂದು ಕಾನೂನು ಆಯೋಗ 1983ರಲ್ಲಿ, ತನ್ನ 93ನೇ ವರದಿಯಲ್ಲಿ, ಶಿಫಾರಸು ಮಾಡಿತ್ತು. 2023ರ ಸಾಕ್ಷ್ಯ ಕಾಯ್ದೆಯಲ್ಲೂ ಅದು ಸೇರಲಿಲ್ಲ. ಆದ್ದರಿಂದ ಮೂಲಗಳ ಹೆಸರನ್ನು ಫೋನಿನಲ್ಲಿ ಇಡದಿರುವುದೇ ಸದ್ಯಕ್ಕೆ ಇರುವ ರಕ್ಷಣೆ.

ಪ್ರಶ್ನೆ: ಆನ್‌ಲೈನ್ ಸುದ್ದಿ ವಾಹಿನಿಗೆ ನೋಂದಣಿ ಕಡ್ಡಾಯವೇ? ಹಣ ಕಟ್ಟಿದರೆ ನೋಂದಣಿ ಮಾಡಿಸಿ ‘ಪ್ರೆಸ್’ ಕಾರ್ಡು ಕೊಡುವುದಾಗಿ ಒಬ್ಬರು ಹೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ. 2023ರ ಪತ್ರಿಕೆಗಳ ನೋಂದಣಿ ಕಾಯ್ದೆ ಮುದ್ರಿತ ನಿಯತಕಾಲಿಕೆಗಳಿಗೆ ಸಂಬಂಧಿಸಿದ್ದು. ಡಿಜಿಟಲ್ ಸುದ್ದಿ ಪ್ರಕಾಶಕರಿಗೆ 2021ರ ಐಟಿ ನಿಯಮಗಳಿವೆ. ಅವು ದೂರುಗಳಿಗೆ ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಿ, ನಿಮ್ಮ ವಿವರಗಳನ್ನು ಸಚಿವಾಲಯಕ್ಕೆ ಒದಗಿಸಿ ಎನ್ನುತ್ತವೆಯೇ ವಿನಾ ಪರವಾನಗಿ ಪಡೆಯಿರಿ ಎನ್ನುವುದಿಲ್ಲ. ಆ ನಿಯಮಗಳ 9(1) ಮತ್ತು 9(3)ಕ್ಕೆ (ನೀತಿಸಂಹಿತೆ ಪಾಲನೆ, ಮೂರು ಹಂತದ ದೂರು ವ್ಯವಸ್ಥೆ) ಬಾಂಬೆ ಹೈಕೋರ್ಟ್ 2021ರ ಆಗಸ್ಟ್‌ನಲ್ಲೇ ತಡೆ ನೀಡಿತ್ತು. ಬೈಕಿಗೆ ಅಂಟಿಸುವ ‘ಪ್ರೆಸ್’ ಸ್ಟಿಕ್ಕರಿನಿಂದ ಟ್ರಾಫಿಕ್ ಪೊಲೀಸರ ಕಣ್ಣಿಗೆ ಬೇಗ ಬೀಳುವುದನ್ನು ಬಿಟ್ಟರೆ ಬೇರೆ ಲಾಭವಿಲ್ಲ.

ಪ್ರಶ್ನೆ: ಜಾಮೀನು ಕೊಡುವಾಗ ‘ಇನ್ನು ಮುಂದೆ ಸಾಮಾಜಿಕ ಜಾಲತಾಣದಲ್ಲಿ ಬರೆಯಕೂಡದು’ ಎಂದು ಷರತ್ತು ಹಾಕಬಹುದೇ?

ಉತ್ತರ: ಸುಳ್ಳುಸುದ್ದಿ ಬಯಲು ಮಾಡುವ ‘ಆಲ್ಟ್ ನ್ಯೂಸ್’ ಜಾಲತಾಣದ ಮೊಹಮ್ಮದ್ ಜುಬೈರ್ ಪ್ರಕರಣದಲ್ಲಿ ಉತ್ತರ ಪ್ರದೇಶ ಸರ್ಕಾರ ಇದನ್ನೇ ಕೋರಿತ್ತು. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪತ್ರಕರ್ತನಿಗೆ ಬರೆಯಬೇಡ ಎನ್ನುವುದು ವಕೀಲನಿಗೆ ವಾದಿಸಬೇಡ ಎಂದಂತೆ ಎಂಬ ಮಾತು ಆ ವಿಚಾರಣೆಯಲ್ಲಿ ನ್ಯಾಯಪೀಠದಿಂದಲೇ ಬಂತು. ಕೆಳಗಿನ ನ್ಯಾಯಾಲಯ ಇಂಥ ಷರತ್ತು ಹಾಕಿದ್ದರೆ ಅದನ್ನು ಮುರಿಯಲು ಹೋಗಬೇಡಿ, ಜಾಮೀನು ರದ್ದಾಗಬಹುದು. ಆದೇಶದ ದೃಢೀಕೃತ ಪ್ರತಿ ಪಡೆದು, ಆ ಷರತ್ತನ್ನಷ್ಟೇ ತೆಗೆಯುವಂತೆ ಸೆಷನ್ಸ್ ನ್ಯಾಯಾಲಯಕ್ಕೋ ಹೈಕೋರ್ಟಿಗೋ ಅರ್ಜಿ ಸಲ್ಲಿಸಿ.