ಹೆಲ್ತ್ ಸರ್ವೆಗೆ ಫೀಲ್ಡ್ ಕೆಲಸ ಸಿಕ್ಕಿದೆ. ಸೇರಲಾ, ಬಿ.ಎಡ್ ಮಾಡಲಾ? ಜನ ಹೇಗೂ ಸುಳ್ಳೇ ಬರೆಸ್ತಾರಂತಲ್ಲ?

ಹೀಗೆ ಕೇಳಿದ್ದೀರಿ. ನಾನು ಯಾದಗಿರಿ ಜಿಲ್ಲೆಯವಳು. ಶಹಾಪುರದಲ್ಲಿ ಬಿ.ಎ ಮುಗಿಸಿದ್ದೆ. ಮನೆಯವರು ಬಿ.ಎಡ್ ಬಿ.ಎಡ್ ಅಂತಿರುವಾಗಲೇ ಒಂದು ಏಜೆನ್ಸಿಯ ಸರ್ವೆಗೆ ಸೇರಿಬಿಟ್ಟೆ. ಏಜೆನ್ಸಿ ಹೆಸರು ಬೇಡ, ಈಗ ಅದರಿಂದ ಏನೂ ಆಗಬೇಕಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂತ ಇದೆಯಲ್ಲ, ಎನ್‌ಎಫ್‌ಎಚ್‌ಎಸ್, 1992–93ರಿಂದ ನಡೀತಿರೋದು, ನಮ್ಮದೂ ಅದೇ ಮಾದರಿಯದು. ಟ್ಯಾಬ್‌ನಲ್ಲಿ ಉದ್ದದ ಪ್ರಶ್ನೆಗಳು, ತೂಕದ ಯಂತ್ರ, ಎತ್ತರ ಅಳೆಯೋ ಹಲಗೆ, ಬೆರಳಿಗೆ ಚುಚ್ಚಿ ಹಿಮೋಗ್ಲೋಬಿನ್ ನೋಡೋದು.

ಬಿ.ಎಡ್ ವಿಷಯ ಆಮೇಲೆ ಹೇಳ್ತೀನಿ. ಜನ ಸುಳ್ಳು ಹೇಳ್ತಾರೆ ಅನ್ನೋ ಮಾತು ಮೊದಲು. ಅದನ್ನ ನಾನು ಒಪ್ಪೋದೇ ಇಲ್ಲ. ಆ ಸರ್ವೆಯಲ್ಲಿ ನನಗೆ ಗೊತ್ತಿರೋ ದೊಡ್ಡ ಸುಳ್ಳು ಬರೆದವಳು ನಾನು.

ಸುರಪುರ ತಾಲೂಕಿನ ಒಂದು ಊರು. ಲಿಸ್ಟಿಂಗ್‌ನವರು ನಮಗಿಂತ ಮೊದಲೇ ಬಂದು ಊರಿನ ನಕ್ಷೆ ಬರೆದು, ಮನೆಮನೆಗೂ ನಂಬರ್ ಹಾಕಿ ಹೋಗಿದ್ದರು. ಆ ಪಟ್ಟಿಯಿಂದ ಲೆಕ್ಕದ ಪ್ರಕಾರ ಆರಿಸಿದ ಮನೆಗಳಿಗೆ ಮಾತ್ರ ನಾವು ಹೋಗಬೇಕು. ಎನ್‌ಎಫ್‌ಎಚ್‌ಎಸ್‌ನಲ್ಲಿ ಒಂದು ಕ್ಲಸ್ಟರ್‌ಗೆ (ಅಂದ್ರೆ ಸರ್ವೆಗೆ ಆರಿಸಿದ ಒಂದು ಊರು ಇಲ್ಲ ಊರಿನ ಒಂದು ಭಾಗ) 22 ಮನೆ ಆರಿಸ್ತಾರೆ, ನಮ್ಮಲ್ಲೂ ಹೆಚ್ಚುಕಡಿಮೆ ಹಾಗೇ. ಕೆಲಸ ಚೆನ್ನಾಗೇ ನಡೆದಿತ್ತು. ಉಪ್ಪಿನ ಪರೀಕ್ಷೆ ಅಂದ್ರೆ ಓಣಿ ಹುಡುಗರಿಗೆ ಹಬ್ಬ. ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತರಿಸಿ ಅದರ ಮೇಲೆ ಎರಡು ಹನಿ ದ್ರಾವಣ ಬಿಟ್ಟರೆ, ಅಯೋಡಿನ್ ಇದ್ದರೆ ನೀಲಿ-ನೇರಳೆಯಾಗುತ್ತೆ. ಹುಡುಗರು ತಮ್ಮ ತಮ್ಮ ಮನೆಯಿಂದಲೂ ಮುಷ್ಟಿಯಲ್ಲಿ ಉಪ್ಪು ಹಿಡಿದು "ನಮ್ದೂ ನೋಡ್ರಿ ಅಕ್ಕೋರೆ" ಅಂತ ಸಾಲು ನಿಂತಿದ್ದರು. ರಕ್ತ ಅಂದಾಗ ಮಾತ್ರ ಒಬ್ಬ ಅಜ್ಜಿ, "ಇಷ್ಟ್ ರಕ್ತ ಒಯ್ದು ಏನ್ ಮಾಡ್ತೀರಿ ಯವ್ವಾ, ಮಾರ್ತೀರೇನು?" ಅಂತ ಕೇಳಿದಳು. ಆಮೇಲೆ ತಾನೇ ಮೊದಲು ಬೆರಳು ಕೊಟ್ಟಳು.

ಕೊನೆಗೆ ಒಂದು ಮನೆ ಉಳಿಯಿತು. ಬೀಗ. ಮರುದಿನ ಹೋದೆ, ಬೀಗ. ಪಕ್ಕದ ಮನೆಯಾಕೆ, "ಬೆಂಗ್ಳೂರಿಗಿ ದುಡಿಯಾಕ ಹೋಗ್ಯಾರ್ರಿ, ಜಾತ್ರಿಗಿ ಬರ್ತಾರ" ಅಂದಳು. ಗುಳೆ. ನಮ್ಮ ಕಡೆ ಇದು ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಓಣಿಗೆ ಓಣಿಯೇ ಖಾಲಿಯಾಗುತ್ತೆ, ಕಟ್ಟಡದ ಕೆಲಸಕ್ಕೆ ಬೆಂಗಳೂರು, ಹೈದರಾಬಾದ್, ಪುಣೆ ಅಂತ. ಆ ಪಕ್ಕದ ಮನೆಯಾಕೆ ಬೇರೆ ಯಾರೂ ಅಲ್ಲ, ಬೀಗ ಹಾಕಿದವನ ಅಣ್ಣನ ಹೆಂಡತಿ. ಅದೇ ಅಡ್ಡಹೆಸರು, ಅದೇ ಜಾತಿ, ನಡುವೆ ಒಂದೇ ಗೋಡೆ. ಸೂಪರ್‌ವೈಸರ್ ಫೋನ್ ಮೇಲೆ ಫೋನ್, ಕ್ಲಸ್ಟರ್ ಮುಗಿಸಿ ಅಂತ. ಕೊನೇ ಬಸ್ಸಿನ ಹೊತ್ತು. ಬೀಗದ ಮನೆ ನಂಬರಿಗೆ ಅಣ್ಣನ ಮನೆಯವರನ್ನ ಕೂರಿಸಿ ಬರೆದೆ.

ಇದರಲ್ಲೇನು ಮಹಾ ಅಂತ ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಉತ್ತರ ಎಲ್ಲಾ ನಿಜವೇ, ತೂಕ ನಿಜ, ರಕ್ತ ನಿಜ. ಬಾಗಿಲು ಮಾತ್ರ ಬೇರೆ. ಆದ್ರೆ ಇಡೀ ಸರ್ವೆ ನಿಂತಿರೋದು ಆ ಬಾಗಿಲಿನ ಮೇಲೆ. 2019–21ರ ಎನ್‌ಎಫ್‌ಎಚ್‌ಎಸ್ ದೇಶದ 707 ಜಿಲ್ಲೆಗಳಲ್ಲಿ 6,36,699 ಮನೆ ಮುಟ್ಟಿತು. ಭಾಗಿಸಿ ನೋಡಿ, ಜಿಲ್ಲೆಗೆ ಸರಾಸರಿ ಒಂಬೈನೂರು. ನಮ್ಮ ಜಿಲ್ಲೆಯ ಜನಸಂಖ್ಯೆ 2011ರಲ್ಲೇ 11.7 ಲಕ್ಷ ದಾಟಿತ್ತು. ಮನೆಗೆ ಐದು ಜನ ಅಂದ್ರೂ ಎರಡು ಲಕ್ಷದ ಮೇಲೆ ಮನೆಗಳಾದವು. ಅಂದ್ರೆ ಆರಿಸಿದ ಒಂದೊಂದು ಮನೆ ಇನ್ನೂರೈವತ್ತು ಮನೆಗಳ ಪರವಾಗಿ ಮಾತಾಡುತ್ತೆ.

ಈಗ ಬೀಗ ಯಾರ ಮನೆಗೆ ಬಿದ್ದಿರುತ್ತೆ ಹೇಳಿ. ಹೊಲ ಇಲ್ಲದವರದು, ಸಾಲ ಇದ್ದವರದು, ಸಣ್ಣ ಮಕ್ಕಳನ್ನ ಕಟ್ಕೊಂಡು ಹೋದವರದು. ಊರಲ್ಲಿ ಯಾರು ಸಿಗ್ತಾರೆ? ಸ್ವಲ್ಪ ಗಟ್ಟಿಯಾಗಿರೋರು. ನಾನೊಬ್ಬಳು ಬಾಗಿಲು ಬದಲಿಸಿದರೆ ಒಂದು ತಪ್ಪು. ಬೀಗ ಕಂಡಲ್ಲೆಲ್ಲ ಎಲ್ಲರೂ ಪಕ್ಕದ ಮನೆಗೆ ಹೋದರೆ ಗುಳೆ ಹೋಗೋ ಮನೆಗಳೇ ಜಿಲ್ಲೆಯ ಲೆಕ್ಕದಿಂದ ಬಿದ್ದುಹೋಗ್ತವೆ. ಆಗ ಅಂಕಿ ನೋಡಿದವರಿಗೆ ಯಾದಗಿರಿ ಮಕ್ಕಳು ಪರವಾಗಿಲ್ಲ ಅನಿಸುತ್ತೆ. ಅದಕ್ಕೇ ಇಂಥ ಸರ್ವೆಗಳಲ್ಲಿ ಬದಲಿ ಮನೆ ಅನ್ನೋದೇ ಇಲ್ಲ. ಮತ್ತೆ ಮತ್ತೆ ಹೋಗಬೇಕು, ಸಿಗದಿದ್ದರೆ "ಮನೆಯವರು ಬಹಳ ದಿನದಿಂದ ಊರಲ್ಲಿಲ್ಲ" ಅನ್ನೋ ಕೋಡ್ ಒತ್ತಿ ಮುಚ್ಚಬೇಕು. ಎಷ್ಟು ಮನೆ ಸಿಗಲಿಲ್ಲ ಅಂತ ಮೇಲಿನವರಿಗೆ ಗೊತ್ತಾದ್ರೆ ಅವರು ಲೆಕ್ಕದಲ್ಲಿ ಅದನ್ನ ಸರಿದೂಗಿಸ್ತಾರೆ. ಮುಚ್ಚಿಟ್ಟರೆ ಯಾರೂ ಏನೂ ಮಾಡೋಕಾಗಲ್ಲ. ಆ ಕೋಡ್ ಟ್ಯಾಬ್‌ನಲ್ಲಿ ನನ್ನ ಬೆರಳಿನ ಕೆಳಗೇ ಇತ್ತು.

ಆಮೇಲೆ ಮರುಪರಿಶೀಲನೆಗೆ ಬೇರೆ ಟೀಮ್ ಬಂತು. ಅಷ್ಟೊತ್ತಿಗೆ ಜಾತ್ರೆ, ಬೆಂಗಳೂರಿಗೆ ಹೋದವರು ಊರಿಗೆ ಬಂದಿದ್ದರು. ಲಿಸ್ಟಿಂಗ್‌ನಲ್ಲಿದ್ದ ಹೆಸರು ಹಿಡಿದು ಕೇಳಿದ್ರೆ ಆ ಮನೆಯ ಹೆಂಗಸು, "ನಮ್ಮನಿಗಿ ಯಾರೂ ಬಂದಿಲ್ರಿ, ನಮ್ ಹುಡುಗ್ರನ್ನ ಯಾರೂ ತೂಗಿಲ್ಲ" ಅಂದಿದ್ದಾಳೆ. ಅವಳಿಗೆ ಐದು ವರ್ಷದೊಳಗಿನ ಎರಡು ಮಕ್ಕಳು. ನಾನು ಬರೆದ ಅಣ್ಣನ ಮನೆಯಲ್ಲಿ ಅಷ್ಟು ಸಣ್ಣ ಮಕ್ಕಳೇ ಇರಲಿಲ್ಲ. ಟ್ಯಾಬ್ ಪ್ರಕಾರ ಆ ಬಾಗಿಲಿನೊಳಗೆ ಮಕ್ಕಳೇ ಇಲ್ಲ! ನನ್ನ ಹೆಸರಿನ ಫಾರಂ ಅಷ್ಟೂ ತೆಗೆದುಹಾಕಿದರು, ಆ ತಿಂಗಳ ದುಡ್ಡು ಹೋಯ್ತು, ಟೀಮಿಂದಲೂ ಬಿಟ್ಟರು. ನನ್ನ ಜೊತೆ ಸೇರಿದವರು ಆಮೇಲೆ ಬೀದರ್, ರಾಯಚೂರು ಅಂತ ಬೇರೆ ಸರ್ವೆಗಳಿಗೆ ಹೋದರು. ಫೀಲ್ಡ್ ಕೋಆರ್ಡಿನೇಟರ್‌ಗಳೆಲ್ಲ ಒಬ್ಬರಿಗೊಬ್ಬರು ಪರಿಚಯದವರೇ, ನನಗೆ ಯಾರೂ ಕರೆ ಮಾಡಲಿಲ್ಲ.

ಈಗ ನಿಮ್ಮ ಸುಳ್ಳಿನ ಪ್ರಶ್ನೆಗೆ ಬರ್ತೀನಿ. ಅದೇ ಎನ್‌ಎಫ್‌ಎಚ್‌ಎಸ್‌ನಲ್ಲಿ, ಗಂಡ ಹೆಂಡತಿಗೆ ಹೊಡೆಯೋದು ಸರೀನಾ ಅಂತ ಏಳು ಕಾರಣ ಕೊಟ್ಟು ಕೇಳಿದ್ರು. ಹೇಳದೆ ಹೊರಗೆ ಹೋದ್ರೆ, ಅಡುಗೆ ಸರಿ ಮಾಡದಿದ್ರೆ, ಅತ್ತೆ-ಮಾವನಿಗೆ ಮರ್ಯಾದೆ ಕೊಡದಿದ್ರೆ, ಹೀಗೆ. ಒಂದಾದರೂ ಕಾರಣಕ್ಕೆ ಸರಿ ಅಂದವರು ಕರ್ನಾಟಕದ ಗಂಡಸರಲ್ಲಿ ಶೇ 81.9, ಹೆಂಗಸರಲ್ಲಿ ಶೇ 76.9. ಒಳ್ಳೆಯವರ ಥರ ಕಾಣಬೇಕು ಅಂತ ಸುಳ್ಳು ಹೇಳೋ ಜನ ಹೀಗೆ ಹೇಳ್ತಿದ್ರಾ? ನಮ್ಮ ಜನ ಮನಸ್ಸಲ್ಲಿದ್ದದ್ದನ್ನ ಮುಖಕ್ಕೇ ಹೇಳ್ತಾರೆ, ಕೇಳೋಕೆ ಕಷ್ಟ ಆಗೋದು ನಮಗೆ.

ಬಾಯಿ ಕಟ್ಟೋದು ಒಂದೇ ಸಂದರ್ಭದಲ್ಲಿ. ಹೊಸ್ತಿಲಲ್ಲಿ ಅತ್ತೆ ಕೂತಿದ್ದಾಗ. "ನೀವ್ ಕೇಳ್ರಿ, ನಾ ಏನ್ ಅಡ್ಡ ಬರಂಗಿಲ್ಲ" ಅಂತಾರೆ, ಆದ್ರೆ ಸೊಸೆ ಪ್ರತಿ ಉತ್ತರಕ್ಕೂ ಆ ಕಡೆ ನೋಡ್ತಾಳೆ. ಆಶಾ ಕಾರ್ಯಕರ್ತೆ ಪಕ್ಕದಲ್ಲಿದ್ರೂ ಅಷ್ಟೇ, ಮಗುವಿಗೆ ಲಸಿಕೆ ಹಾಕಿಸಿಲ್ಲ ಅಂತ ಯಾವ ತಾಯಿ ಹೇಳ್ತಾಳೆ? ಆಶಾ ಮನೆ ತೋರಿಸಲಿ, ಒಂದು ಕಪ್ ಚಾ ಕುಡಿಸಿ ಕಳಿಸಿ. ಗಂಡ ಹೊಡೀತಾನಾ ಅನ್ನೋ ಪ್ರಶ್ನೆಗಳನ್ನ ಮನೆಗೆ ಒಬ್ಬಳೇ ಹೆಂಗಸಿಗೆ, ಯಾರೂ ಇಲ್ಲದಾಗ ಮಾತ್ರ ಕೇಳೋ ನಿಯಮ ಇದೆ. ಯಾರಾದ್ರೂ ಒಳಗೆ ಬಂದ್ರೆ ಮಾತು ಬದಲಿಸಿ, ಜೋಳದ ರೇಟು ಕೇಳಿ. ಏಕಾಂತ ಸಿಗಲೇ ಇಲ್ಲ ಅಂದ್ರೆ ಆ ಭಾಗ ಬಿಟ್ಟುಬಿಡಿ.

ವಯಸ್ಸಿನದು ಇನ್ನೊಂದು ರಗಳೆ. ಆಧಾರ್‌ನಲ್ಲಿ ಜನವರಿ 1 ಅಂತಿರುತ್ತೆ, ಶಾಲೆ ದಾಖಲೆಯಲ್ಲಿ ಜೂನ್ 1. ಎರಡನ್ನೂ ನಂಬಬೇಡಿ. ಉಗಾದಿ ಮುಂದ, ಮೊಹರಂ ಹಿಂದ ಅಂತ ಕೇಳಿ ಹಿಡೀಬೇಕು. ಮೊಹರಂ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತೆ, ಯಾವ ವರ್ಷದ ಮೊಹರಂ ಅಂತ ಲೆಕ್ಕ ಹಾಕೋದು ಮರೀಬೇಡಿ. ಅಂದಹಾಗೆ ಉದ್ದದ ಫಾರಂ ಇರೋದು 15ರಿಂದ 49 ವಯಸ್ಸಿನ ಹೆಂಗಸರಿಗೆ. ನಲವತ್ತೆಂಟರವಳಿಗೆ ಐವತ್ತು ಅಂತ ಒತ್ತಿದ್ರೆ ಒಂದು ಗಂಟೆ ಕೆಲಸ ಉಳಿಯುತ್ತೆ. ಅದನ್ನೂ ಬರೆದುಕೊಳ್ಳೋರು ಮಾಡೋದು, ಬರೆಸೋರಲ್ಲ. ಒಬ್ಬರ ಫಾರಂಗಳಲ್ಲಿ ಐವತ್ತರವರೇ ಜಾಸ್ತಿ ಬಂದ್ರೆ ಮೇಲಿನವರಿಗೆ ಟೇಬಲ್ ನೋಡಿದ ಕೂಡಲೇ ಗೊತ್ತಾಗುತ್ತೆ.

ಹಾಗಾದ್ರೆ ಸೇರಲಾ? ಬಿ.ಎಡ್‌ಗೆ ಮುಂದಿನ ವರ್ಷವೂ ಅರ್ಜಿ ಕರೀತಾರೆ, ಅದರ ಚಿಂತೆ ಬಿಡಿ. ಏಜೆನ್ಸಿಯವರಿಗೆ ಫೋನ್ ಮಾಡಿ ಕೊಡೋದು ಫಾರಂ ಲೆಕ್ಕದಲ್ಲೋ, ತಿಂಗಳ ಸಂಬಳವೋ ಅಂತ ಕೇಳಿ. ನನ್ನದು ಫಾರಂ ಲೆಕ್ಕ ಇತ್ತು. ಬೀಗದ ಮನೆಗೆ ಎಷ್ಟು ಸಲ ಹೋದ್ರೂ ಒಂದು ರೂಪಾಯಿ ಇಲ್ಲ, ಬಸ್ ಚಾರ್ಜ್ ನಂದೇ. ನಿಮ್ಮದೂ ಹಾಗೇ ಇದ್ರೆ ಬೇಡ ಅಂದುಬಿಡಿ. ತಿಂಗಳ ಸಂಬಳ, ಓಡಾಟದ ಖರ್ಚು ಬೇರೆ ಅಂದ್ರೆ ಇವತ್ತೇ ಹೂಂ ಅನ್ನಿ. ಟ್ರೇನಿಂಗ್‌ಗೆ ಕಲಬುರಗಿಗೆ ಕರೆದ್ರೆ ಉಳಿಯೋ ವ್ಯವಸ್ಥೆ ಯಾರದು ಅಂತಾನೂ ಅದೇ ಫೋನಲ್ಲಿ ಕೇಳಿಬಿಡಿ.