ಪರೀಕ್ಷೆ ಪಾಸಾದವರಿಗೆ ಮಾತ್ರ ಓಟು: ಆಗದು

ಸರ್, ಕೊಡಗಿನ ಸೋಮವಾರಪೇಟೆ ಕಡೆಯ ಲೈನ್‌ಮನೆಗಳಲ್ಲಿ (ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ) ಶಾಸಕರ ಹೆಸರೂ ಗೊತ್ತಿಲ್ಲದವರು ಓಟು ಹಾಕ್ತಾರೆ, ಪೌರನೀತಿ ಪರೀಕ್ಷೆ ಇಡಿ ಅಂತ ಪಂಚಾಯಿತಿ ನಿರ್ಣಯ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಿದರೂ ಅದು ಬರೀ ಕಾಗದ. ಸಂವಿಧಾನದ 326ನೇ ವಿಧಿ ಪ್ರಕಾರ 18 ತುಂಬಿದ ನಾಗರಿಕರಿಗೆ ಓಟಿದೆ. ತಪ್ಪಿಸಲು ಅಲ್ಲಿರುವ ಕಾರಣಗಳು ವಾಸವಿಲ್ಲದಿರುವುದು, ಬುದ್ಧಿಭ್ರಮಣೆ, ಅಪರಾಧ, ಚುನಾವಣಾ ಭ್ರಷ್ಟಾಚಾರ. ಅಜ್ಞಾನ ಆ ಪಟ್ಟಿಯಲ್ಲಿಲ್ಲ. ಸುಪ್ರೀಂ ಕೋರ್ಟಿನ 2015ರ ಹರಿಯಾಣ ತೀರ್ಪನ್ನು ಇದಕ್ಕೆ ಎಳೆದು ತರಬೇಡಿ, ಅದು ಪಂಚಾಯಿತಿ ಅಭ್ಯರ್ಥಿಗಳ ವಿದ್ಯಾರ್ಹತೆಯದ್ದು, ಮತದಾರರದ್ದಲ್ಲ.

ಪರೀಕ್ಷೆ ಕೆಡುವುದು ಪ್ರಶ್ನೆಯಲ್ಲಿ ಅಲ್ಲ, ತಿದ್ದುವವರ ಕೈಯಲ್ಲಿ. ಅಮೆರಿಕದ ಲೂಯಿಸಿಯಾನದಲ್ಲಿ ಮತದಾರರಾಗಲು ಬರೆಯಬೇಕಿದ್ದ 1964ರ ಒಂದು ಪ್ರಶ್ನೆಪತ್ರಿಕೆಗೆ 10 ನಿಮಿಷ, 30 ಪ್ರಶ್ನೆ, ಒಂದು ತಪ್ಪಿದರೂ ಫೇಲು. ಎರಡರ್ಥದ ಪ್ರಶ್ನೆಗೆ ಯಾವ ಉತ್ತರ ಸರಿ ಅನ್ನುವುದು ನೋಂದಣಿ ಅಧಿಕಾರಿಯ ಮರ್ಜಿ. ಕಪ್ಪು ಜನ ಹೇಗೆ ಬರೆದರೂ ತಪ್ಪು. ಅಲ್ಲಿನ 1965ರ ಮತದಾನ ಹಕ್ಕು ಕಾಯ್ದೆ ಇಂಥವನ್ನು ತಡೆಯಿತು. ನಮ್ಮಲ್ಲಾದರೆ ತಿದ್ದುವವರು ತೋಟದ ಸಾಹುಕಾರರ ಪರಿಚಯದವರೇ ಇರ್ತಾರೆ, ಬಿಡಿ. 1952ರಲ್ಲಿ ಕೊಡಗು ಪ್ರತ್ಯೇಕ ರಾಜ್ಯವಾಗಿ 24 ಸ್ಥಾನಕ್ಕೆ ಓಟು ಹಾಕಿದಾಗ ದೇಶದಲ್ಲಿ ಓದುಬರಹ ಬಲ್ಲವರು ಶೇ. 18ರಷ್ಟೇ, ಆಗಲೂ ಪರೀಕ್ಷೆ ಇಡಲಿಲ್ಲ.

ಲೈನ್‌ಮನೆಯವರ ನಿಜವಾದ ತೊಂದರೆ ಬೇರೆ: ತೋಟ ಬದಲಾದರೆ ಹೆಸರು ಹಳೆಯ ಬೂತಿನಲ್ಲೇ ಉಳಿಯುತ್ತದೆ. ಅದನ್ನು ಬದಲಿಸಲು ಅರ್ಜಿ ನಮೂನೆ 8, ಹೆಸರು ಹೊಸದಾಗಿ ಸೇರಿಸುವುದಾದರೆ ನಮೂನೆ 6. ವಿಳಾಸದ ದಾಖಲೆ ಇಲ್ಲದಿದ್ದರೆ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಸ್ಥಳಕ್ಕೆ ಬಂದು ನೋಡಬೇಕು. ಸಹಾಯವಾಣಿ 1950.