ಜಿಮ್ನಾಸ್ಟಿಕ್ಸ್ ಬಂದರೆ ಬ್ಯಾಲೆಯ ಬೇಸಿಕ್ ಕ್ಲಾಸ್ ಬಿಡಬಹುದಾ?

ದಯವಿಟ್ಟು ಬಿಡಬೇಡಿ. 'ಆರು ವರ್ಷ ಜಿಮ್ನಾಸ್ಟಿಕ್ಸ್ ಮಾಡಿದ್ದೇನೆ, ಸ್ಪ್ಲಿಟ್ (ಎರಡೂ ಕಾಲು ಪೂರ್ತಿ ಚಾಚಿ ನೆಲಕ್ಕೆ ಕೂರುವುದು) ಸಲೀಸಾಗಿ ಬರುತ್ತದೆ, ಬೇಸಿಕ್ ಕ್ಲಾಸ್ ಬಿಟ್ಟರೆ ಎಷ್ಟು ತಿಂಗಳು ಉಳಿಯುತ್ತದೆ' ಅಂತ ನೀವು ಕೇಳಿದ್ದೀರಿ. ಹದಿನಾರನೇ ವಯಸ್ಸಿನಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ.

ಮೊದಲ ದಿನವೇ ಕಾಲನ್ನು ಕಿವಿಯವರೆಗೂ ಎತ್ತಿ ತೋರಿಸಿದೆ. ನೇರವಾಗಿ ದೊಡ್ಡವರ ಕ್ಲಾಸಿಗೆ ಸೇರಿಸಿಕೊಂಡರು. ಮೂರೇ ತಿಂಗಳಲ್ಲಿ ಎರಡೂ ಮಂಡಿಗಳ ಒಳಬದಿ ನೋವು ಶುರುವಾಯಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಿತ್ತು. ಆಮೇಲೆ ಐದು ತಿಂಗಳು ಕ್ಲಾಸೂ ಇಲ್ಲ, ಜಿಮ್ನಾಸ್ಟಿಕ್ಸೂ ಇಲ್ಲ.

ತಪ್ಪು ಇದ್ದದ್ದು ಟರ್ನ್‌ಔಟ್‌ನಲ್ಲಿ. ಬ್ಯಾಲೆಯಲ್ಲಿ ಹಿಮ್ಮಡಿ ಜೋಡಿಸಿ, ಪಾದಗಳನ್ನು ಹೊರಕ್ಕೆ ತಿರುಗಿಸಿ ನಿಲ್ಲುತ್ತಾರಲ್ವಾ, ಅದು. ಆ ತಿರುವು ಸೊಂಟದ ಕೀಲಿನಿಂದ ಬರಬೇಕು. ತೊಡೆಯೇ ಹೊರಕ್ಕೆ ತಿರುಗಬೇಕು, ಮಂಡಿ ಮತ್ತು ಪಾದ ಅದರ ಜೊತೆ ಹೋಗಬೇಕು. ನಾನು ಉಲ್ಟಾ ಮಾಡಿದೆ. ಮಂಡಿ ಸ್ವಲ್ಪ ಬಗ್ಗಿಸಿ, ಪಾದಗಳನ್ನು ಆದಷ್ಟು ಹೊರಕ್ಕೆ ತಿರುಗಿಸಿ ನೆಲಕ್ಕೆ ಒತ್ತಿ, ಆಮೇಲೆ ಮಂಡಿ ನೆಟ್ಟಗೆ ಮಾಡುತ್ತಿದ್ದೆ. ನೋಡಲು 180 ಡಿಗ್ರಿ. ಆದರೆ ಪಾದ ಒಂದು ಕಡೆ, ತೊಡೆ ಇನ್ನೊಂದು ಕಡೆ. ನಡುವೆ ಸಿಕ್ಕಿದ ಮಂಡಿ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತಿತ್ತು. ಮಂಡಿ ಬಗ್ಗಿಸುವ ಪ್ರತಿ ಪ್ಲಿಯೆಗೂ, ಪ್ರತಿ ಜಿಗಿತಕ್ಕೂ ಅದೇ ಕಥೆ.

ಸ್ಪ್ಲಿಟ್ ಬಂದರೆ ಟರ್ನ್‌ಔಟ್ ಬಂದ ಹಾಗೆ ಅಂತ ನಂಬಿದ್ದೆ. ಅಲ್ಲವೇ ಅಲ್ಲ. ಸ್ಪ್ಲಿಟ್‌ನಲ್ಲಿ ಕಾಲು ದೂರ ಹೋಗುತ್ತದೆ. ಟರ್ನ್‌ಔಟ್‌ನಲ್ಲಿ ಕಾಲು ಇದ್ದಲ್ಲೇ ತಿರುಗಬೇಕು, ತಿರುಗಿದ್ದನ್ನು ಸೊಂಟದ ಆಳದ ಸಣ್ಣ ಸ್ನಾಯುಗಳು ಹಿಡಿದಿಡಬೇಕು. ನನ್ನ ಎಂಟು ವರ್ಷದ ಜಿಮ್ನಾಸ್ಟಿಕ್ಸ್ ಅಭ್ಯಾಸದಲ್ಲಿ ಆ ಸ್ನಾಯುಗಳನ್ನು ನಾನು ಹಾಗೆ ದುಡಿಸಿರಲೇ ಇಲ್ಲ.

ಮತ್ತೆ ಶುರು ಮಾಡಿದ್ದು ಬೇಸಿಕ್ ಕ್ಲಾಸಿನಲ್ಲಿ, ಚಿಕ್ಕ ಮಕ್ಕಳ ಪಕ್ಕ. ಟೀಚರ್ ನನ್ನನ್ನು ನುಣುಪು ನೆಲದ ಮೇಲೆ ಸಾಕ್ಸ್ ಹಾಕಿಸಿ ನಿಲ್ಲಿಸಿದರು. ನೆಲದ ಹಿಡಿತ ಹೋಗಿದ್ದೇ ತಡ, ಪಾದಗಳು ತಾವಾಗಿಯೇ ಮುಂದಕ್ಕೆ ಜಾರಿ ನಿಂತವು. ಹೆಚ್ಚೆಂದರೆ ನೂರು ಡಿಗ್ರಿ. 'ನಿನ್ನದು ಇಷ್ಟೇ, ಇಲ್ಲಿಂದ ಕಟ್ಟೋಣ' ಅಂದರು.

ಜಿಮ್ನಾಸ್ಟಿಕ್ಸ್‌ಗೂ ಬ್ಯಾಲೆಗೂ ನಂಟಿದೆ, ಇಲ್ಲ ಅನ್ನುವುದಿಲ್ಲ. ಮಹಿಳೆಯರ ಜಿಮ್ನಾಸ್ಟಿಕ್ಸ್ ಸ್ಪರ್ಧೆಯಲ್ಲಿ ನೆಲಹಾಸಿನ ಮೇಲೆ ಮಾಡುವ ಫ್ಲೋರ್‌ನಲ್ಲಿ 90 ಸೆಕೆಂಡಿನೊಳಗೆ ಸಂಗೀತಕ್ಕೆ ಪಲ್ಟಿಯ ಜೊತೆ ನೃತ್ಯದ ಜಿಗಿತ, ತಿರುಗು ಎಲ್ಲ ಮಾಡಲೇಬೇಕು. ಸೋವಿಯತ್ ಜಿಮ್ನಾಸ್ಟ್ ಲಾರಿಸಾ ಲಾಟಿನಿನಾ ಮೊದಲು ಬ್ಯಾಲೆ ಕಲಿತವರು. ಫ್ಲೋರ್‌ನಲ್ಲಿ 1956, 1960, 1964 ಮೂರು ಒಲಿಂಪಿಕ್ಸ್‌ನಲ್ಲೂ ಚಿನ್ನ ಗೆದ್ದರು. ಆದರೆ ಜಿಮ್ನಾಸ್ಟಿಕ್ಸ್‌ನಲ್ಲಿ ಪಲ್ಟಿ ಹೊಡೆದು ಇಳಿದ ಮೇಲೆ ಅಲ್ಲಾಡದೆ ನಿಲ್ಲಬೇಕು. ಬ್ಯಾಲೆಯಲ್ಲಿ ಬೆರಳು, ಮುಂಗಾಲು, ಹಿಮ್ಮಡಿ ಅಂತ ಸದ್ದಿಲ್ಲದೆ ಇಳಿದು, ಅಲ್ಲಿಂದಲೇ ಮುಂದಿನ ಹೆಜ್ಜೆ ಎತ್ತಬೇಕು. ಧಪ್ ಅಂತ ಇಳಿಯುವ ಅಭ್ಯಾಸ ಹೋಗಲು ನನಗೆ ಒಂದು ವರ್ಷ ಹಿಡಿಯಿತು.

ಹಾಗಾಗಿ ಎಷ್ಟು ತಿಂಗಳು ಉಳಿಯುತ್ತದೆ ಅನ್ನುವ ಪ್ರಶ್ನೆಯನ್ನೇ ಬಿಡಿ. ಜಿಮ್ನಾಸ್ಟಿಕ್ಸ್ ನಿಲ್ಲಿಸಬೇಕಿಲ್ಲ. ಬೇಸಿಕ್‌ಗೆ ಸೇರಿ, ಮೊದಲ ವಾರವೇ ಸಾಕ್ಸ್ ಹಾಕಿ ನಿಂತು ನೋಡಿ. ಮಂಡಿಯ ಒಳಬದಿ ಸ್ವಲ್ಪ ಎಳೆದರೂ ಪಾದಗಳನ್ನು ಅಷ್ಟು ಒಳಕ್ಕೆ ತನ್ನಿ, ಪಕ್ಕದವರದು ಎಷ್ಟೇ ಅಗಲವಾಗಿರಲಿ.